ಅಪ್ಪನ ಎಡಗೆನ್ನೆ

ನುಂಗಂಬಾಕ್ಕಂ, ಮದರಾಸು
೧೨-೮-೨೦೦೪

ಅಣ್ಣಾ,

ಎಲ್ಲರೂ ಕ್ಷೇಮವೇ? ನನ್ನ ಕೆಮ್ಮು ವಾಸಿಯಾಗಿದೆ. ಇಲ್ಲಿನ ಶಿಬಿರದಲ್ಲಿ ಜಪಾನಿನ ಮೇಡಂ ಒಬ್ಬರು ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಗಿಡದ ತೊಗಟೆಯಿಂದ ಮಾಡಿದ ವಾಶಿ ಎಂಬ ಕಾಗದದ ಮೇಲೆ ಅಚ್ಚು ಹಾಕುವುದನ್ನು ಕಲಿಸುತ್ತಿದ್ದಾರೆ. ನಮ್ಮಲ್ಲಿ ಉಳಿದಿರುವ ಅಪ್ಪನ ಒಂದೇ ಫೋಟೋ ತಂದಿದ್ದೆ. ಗೆದ್ದಲು ತಿಂದ ಆ ಎಡಗೆನ್ನೆ ಹೇಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೊನೆಗೆ ನಿನ್ನ ಮದುವೆಯ ಫೋಟೋದಿಂದ ನಿನ್ನ ಕೆನ್ನೆ ತೆಗೆದು ಅಲ್ಲಿ ಕೂರಿಸಿದೆ. ತೆಳು ಕಾಗದದಲ್ಲಿ ಶಾಯಿ ಇಳಿದು, ಸೇರಿಸಿದ ಗುರುತೇ ಕಾಣದಂತಾಯಿತು.

ನಿನ್ನೆ ವೇಲಚೇರಿಯಿಂದ ಜಯಲಕ್ಷ್ಮೀ ಅತ್ತೆ ಬಂದು ನೋಡಿದರು. "ಅಯ್ಯೋ, ನಮ್ಮಣ್ಣ ಅಪ್ಪಡಿಯೇ, ಹಾಗೇ ಇದಾನೆ ಕಣೇ!" ಎಂದು ಅಳುತ್ತಾ ಆ ಕೆನ್ನೆಯನ್ನೇ ಸವರಿದರು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಅಲ್ಲಿಂದಲೇ ಅಮ್ಮನಿಗೂ ಫೋನು ಮಾಡಿ, ಮುಂದಿನ ವಾರದ ನಮ್ಮ ಶಿಬಿರದ ಪ್ರದರ್ಶನಕ್ಕೆ ಬಾ ಎಂದುಬಿಟ್ಟರು. ಅಮ್ಮ ಒಂದೇ ನೋಟಕ್ಕೆ ಕಂಡುಹಿಡಿದಾಳೆಂದು ಹೆದರಿಕೆ. ಕಂಡುಹಿಡಿಯದೇ ಹೋದರೆ ಅದಕ್ಕಿಂತ ಹೆದರಿಕೆ. ನಾನು ಕಣ್ಣು ಮುಚ್ಚಿದರೆ ಈಗಾಗಲೇ ಈ ಮುಖವೇ ಬರುತ್ತಿದೆ.

ಅಮ್ಮನ ಜೊತೆ ನೀನೂ ಹೊರಟು ಬಾ. ಅವಳ ಎದುರು ಒಬ್ಬಳೇ ನಿಲ್ಲಲಾರೆ.

ನಂದಿತಾ