ಒಂಬತ್ತು ಎಂದವನನ್ನು ಕೂರಿಸಿದ ದಿನ

ಪೋರ್ಟೊ
ಜೂನ್ ತಿಂಗಳ ಭಾನುವಾರ

ಪ್ರೀತಿಯ ಅಪ್ಪನಿಗೆ, ನಿಮ್ಮ ಒತೀಲಿಯಾ ಮಾಡುವ ನಮಸ್ಕಾರ.

ಈ ಮಾತನ್ನು ಫೋನಿನಲ್ಲಿ ಹೇಳಲು ಹೊರಟರೆ ನೀವು "ಸರಿ ಸರಿ, ಅಮ್ಮನಿಗೆ ಕೊಡ್ತೀನಿ" ಎಂದು ಫೋನು ದಾಟಿಸಿಬಿಡುತ್ತೀರಿ. ಅದಕ್ಕೇ ಕಾಗದ ಹಿಡಿದಿದ್ದೇನೆ. ನಿನ್ನೆ ದಿನಾರ್ತೆ ಇಲ್ಲಿಗೆ ಬಂದಿದ್ದ. ನಿಮ್ಮ ಫುಟ್‌ಬಾಲ್ ತಂಡದ ಎಡ ಅಂಚಿನಲ್ಲಿ ಗಾಳಿಯ ಹಾಗೆ ಓಡುತ್ತಿದ್ದವನು, ಊಟಕ್ಕೆ ಕೂತು ಕ್ಲಬ್ಬಿನ ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ನೀವು ನನಗೆ ಹೇಳಿದ್ದು "ವಯಸ್ಸಾಯ್ತು, ಬಿಟ್ಟುಬಿಟ್ಟೆ" ಎಂಬ ಎರಡೇ ಮಾತು.

ನಾನು ಚಿಕ್ಕವಳಿದ್ದಾಗಿನಿಂದಲೂ ನಮ್ಮೂರಲ್ಲಿ ನಿಮ್ಮ ಹೆಸರೆಂದರೆ ಮರಳುದಿಬ್ಬ. ಸಮುದ್ರದ ದಂಡೆಯ ಆ ದಿಬ್ಬವನ್ನು ಹುಡುಗರು ವಾಂತಿಯಾಗುವವರೆಗೆ ಹತ್ತಬೇಕಿತ್ತು. ಆಮೇಲೆ ಇಡೀ ಮೈದಾನದಲ್ಲಿ ಅಭ್ಯಾಸ ಪಂದ್ಯ. ಯಾರಾದರೂ ಗೆಲ್ಲುವ ತನಕ ನೀವು ಸೀಟಿ ಊದುತ್ತಿರಲಿಲ್ಲ. ಯಾರಾದರೂ ಸುಸ್ತು ಎಂದರೆ "ಮೀನು ಹಿಡಿಯೋನ ಮಗನಿಗೆ ದಣಿವಂತೆ!" ಎನ್ನುತ್ತಿದ್ದಿರಿ. ಊರಿಗೂ ಅದೇ ಇಷ್ಟವಾಗಿತ್ತು. ಆದರೆ ಪ್ರತಿ ವಸಂತದಲ್ಲೂ, ಪಂದ್ಯಗಳು ಒತ್ತೊತ್ತಾಗಿ ಬರುವ ಹೊತ್ತಿಗೆ, ಒಬ್ಬರಾದ ಮೇಲೊಬ್ಬರು ತೊಡೆ ಹಿಡಿದುಕೊಂಡು ನೆಲಕ್ಕೆ ಕೂರುತ್ತಿದ್ದರು. ನಾನು ಆಟಗಾರರ ಮೈಮೇಲೆ ಬೀಳುವ ಭಾರದ ಬಗ್ಗೆಯೇ ಓದಿ, ಅದೇ ಕೆಲಸಕ್ಕೆ ಸೇರಿದ ಮೇಲೆ, ರಜೆಗೆ ಮನೆಗೆ ಬಂದಾಗಲೆಲ್ಲ ನೀವು ಕೆಣಕುತ್ತಿದ್ದಿರಿ. "ಡಾಕ್ಟರಮ್ಮ ಬಂದ್ಲು, ಯಾರೂ ಜೋರಾಗಿ ಉಸಿರಾಡಬೇಡಿ." ಅಮ್ಮ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಈ ಮಾರ್ಚಿನಲ್ಲಿ ದಿನಾರ್ತೆಯ ತೊಡೆಯ ಸ್ನಾಯು ಮತ್ತೆ ಹರಿಯಿತು. ಆ ಸಂಜೆ ನೀವೇ ಫೋನು ಮಾಡಿದಿರಿ. ಹವೆ ಹೇಗಿದೆ ಎಂದಿರಿ, ನನ್ನ ಬೆಕ್ಕಿನ ಬಗ್ಗೆ ಕೇಳಿದಿರಿ. ಆಮೇಲೆ, "ಒತೀಲಿಯಾ, ಈ ಹುಡುಗರ ಕಾಲು ನಾನೇ ಕೆಡಿಸ್ತಾ ಇದೀನಾ? ಸುಳ್ಳು ಹೇಳಬೇಡ" ಎಂದಿರಿ.

ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಇಲ್ಲ ಎನ್ನಲಿಲ್ಲ, ಅದೇ ನಿಮಗೆ ಉತ್ತರವಾಯಿತು. "ಹಾಗಾದ್ರೆ ಬಂದು ತೋರಿಸು" ಎಂದಿರಿ. ಅಪ್ಪ, ನನಗೆ ಗೊತ್ತಿರುವ ತರಬೇತುದಾರರಲ್ಲಿ ನಿಮ್ಮ ಅರ್ಧ ವಯಸ್ಸಿನವರಿದ್ದಾರೆ. ಆ ಪ್ರಶ್ನೆ ಕೇಳುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದೇ ವಾಸಿ ಎನ್ನುವವರು ಅವರು.

ಬಂದೆ. ಅಡುಗೆಮನೆಯ ಮೇಜಿನ ಮೇಲೆ ಆಲಿವ್ ಬೀಜಗಳನ್ನು ಆಟಗಾರರ ಹಾಗೆ ಹರಡಿಕೊಂಡು ಕೂತೆವು. ಆಟವನ್ನು ನಿಲ್ಲಿಸುವುದಲ್ಲ, ಅಳೆದು ಆಡಿಸುವುದು ಎಂದೆ. ಸಣ್ಣ ಚೌಕದಲ್ಲಿ ನಾಲ್ವರಿಗೆ ಎದುರಾಗಿ ನಾಲ್ವರನ್ನು ಬಿಟ್ಟರೆ ನಿಲ್ಲುವುದು, ತಿರುಗುವುದು, ಮತ್ತೆ ನೆಗೆಯುವುದೇ ಕೆಲಸ. ಇಡೀ ಮೈದಾನ ಕೊಟ್ಟರೆ ಉದ್ದುದ್ದ ಓಟ. ನೀವು ಬೀಜಗಳನ್ನು ಅತ್ತಿತ್ತ ಸರಿಸುತ್ತ ಬಹಳ ಹೊತ್ತು ನೋಡಿ, "ಅಂದ್ರೆ ಸಣ್ಣ ಚೌಕ ತೊಡೆಯ ಮುಂಭಾಗ ತಿನ್ನುತ್ತೆ, ದೊಡ್ಡ ಮೈದಾನ ಹಿಂಭಾಗ ತಿನ್ನುತ್ತೆ. ದಿನಾ ಒಂದೇ ಕಡೆ ತಿನ್ನಿಸಬಾರದು, ಪಂದ್ಯದ ಹತ್ತಿರ ಬಂದ ಹಾಗೆ ಎರಡನ್ನೂ ಇಳಿಸಬೇಕು. ಅಷ್ಟೇ ತಾನೆ?" ಎಂದಿರಿ. ಅಷ್ಟೇ ಅಪ್ಪ, ಎಂದೆ.

ಓಟ ಅಳೆಯಲು ಮೈಗೆ ಕಟ್ಟುವ ಯಂತ್ರಗಳು ನಿಮ್ಮ ಕ್ಲಬ್ಬಿನಲ್ಲಿರಲಿಲ್ಲ. ಅದಕ್ಕೆ ಆಟ ಮುಗಿದ ಮೇಲೆ ಪ್ರತಿಯೊಬ್ಬನನ್ನೂ ಕೇಳಿ ಎಂದಿದ್ದೆ: ಹತ್ತರಲ್ಲಿ ಎಷ್ಟು ಕಷ್ಟವಾಯಿತು? ಮೊದಲ ದಿನ ಎಲ್ಲರೂ "ಐದು" ಎಂದರು, ಉಸಿರು ಸಿಗದೆ ಬಗ್ಗಿ ನಿಂತವನೂ ಐದು. ದುರ್ಬಲ ಅನ್ನಿಸಿಕೊಳ್ಳಲು ಯಾರಿಗೆ ತಾನೆ ಇಷ್ಟ, ಅದೂ ನಿಮ್ಮ ಮುಂದೆ! ಮೈದಾನದ ಗೋಡೆಯ ಮೇಲೆ ದಿನವೂ ಕೂರುವ ಮುದುಕರಿಗೋ ಹಬ್ಬ. "ಏನಪ್ಪಾ ಬೆಲ್ಮಿರೊ, ಮಗಳು ಸೀಟಿ ಕಿತ್ಕೊಂಡ್ಲಾ?" ಎಂದು ಒಬ್ಬ ಕೂಗಿದ. ನಿಮ್ಮ ಕಿವಿ ಕೆಂಪಾಯಿತು. ಹಿಂತಿರುಗದೆಯೇ ಹೇಳಿದಿರಿ: "ಸೀಟಿ ನನ್ ಹತ್ರಾನೇ ಇದೆ. ಯಾವಾಗ ಊದಬೇಕು ಅಂತ ಅವಳು ಹೇಳಿಕೊಡ್ತಿದಾಳೆ."

ಪಂದ್ಯಗಳ ಕೊನೆಯ ವಾರ ಬಂತು. ಭಾನುವಾರ ಗೆದ್ದರೆ ಇದೇ ದರ್ಜೆಯಲ್ಲಿ ಉಳಿಯುವುದು, ಇಲ್ಲದಿದ್ದರೆ ಕೆಳಗಿನ ದರ್ಜೆಗೆ. ಬುಧವಾರ ಇಡೀ ಮೈದಾನದ ಅಭ್ಯಾಸ ಪಂದ್ಯ. ಎರಡೂ ಕಡೆ ಸಮಸಮ, ಹುಡುಗರು ಬೆಂಕಿಯಾಗಿದ್ದರು. ರಜೆ ಹಾಕಿ ಬಂದಿದ್ದ ನಾನು ಅಂಚಿನಲ್ಲಿ ನಿಂತು ನಿಮ್ಮನ್ನೇ ನೋಡುತ್ತಿದ್ದೆ. ಗೊತ್ತುಮಾಡಿದ್ದ ಹೊತ್ತು ಮುಗಿಯಿತು, ನೀವು ಊದಿದಿರಿ. ಗೆಲುವಿಲ್ಲದೆ ನಿಂತ ಆಟವನ್ನು ಅವರು ನಿಮ್ಮಿಂದ ಕಂಡಿರಲೇ ಇಲ್ಲ. ನಾಯಕ ಅಂಗಿ ಕಿತ್ತು ನೆಲಕ್ಕೆ ಬಡಿದ. ನೀವು ಅವನನ್ನು ಬೈಯದೆ ಸಾಲಾಗಿ ಅಂಕೆ ಕೇಳುತ್ತ ಹೋದಿರಿ. ಆರು, ಆರು, ಏಳು. ದಿನಾರ್ತೆ ತಲೆ ಬಗ್ಗಿಸಿಕೊಂಡು "ಒಂಬತ್ತು" ಎಂದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ನೀವು ಅವನ ಹೆಗಲ ಮೇಲೆ ಕೈ ಇಟ್ಟು, "ಇಷ್ಟು ಜನರಲ್ಲಿ ಗಂಡಸು ನೀನೊಬ್ಬನೇ. ನಾಳೆ ಓಡಬೇಡ" ಎಂದಿರಿ. ಯಾರೂ ಮತ್ತೆ ನಗಲಿಲ್ಲ.

ಮರುದಿನ ಉಳಿದವರು ಸಣ್ಣ ಚೌಕದಲ್ಲಿ ಆಡುತ್ತಿದ್ದಾಗ, ತಂಡದ ಅತಿ ವೇಗದ ಓಟಗಾರ ಕೋಟು ಹೊದ್ದು ಬೆಂಚಿನ ಮೇಲೆ ಕೂತಿದ್ದನ್ನು ಕ್ಲಬ್ಬಿನ ಅಧ್ಯಕ್ಷ ವೆರಿಸ್ಸಿಮೊ ನೋಡಿದರು. ಎಲ್ಲರೆದುರೇ ಕೂಗಾಡಿದರು. ನೀವು ಪೂರ್ತಿ ಕೇಳಿಸಿಕೊಂಡು, ಅವನು ಭಾನುವಾರ ಓಡುತ್ತಾನೆ ಎಂದಷ್ಟೇ ಹೇಳಿದಿರಿ.

ಭಾನುವಾರ ಅವನು ಓಡಿದ. ಎದುರಾಳಿಗಳ ಕಾಲು ಸೋತು ಹೋಗಿದ್ದ ಕೊನೆಯ ಗಳಿಗೆಯಲ್ಲೂ ನಮ್ಮವರು ಹನ್ನೊಂದು ಜನ ನೆಟ್ಟಗಿದ್ದರು. ದಿನಾರ್ತೆ ಇಬ್ಬರನ್ನು ದಾಟಿ ಹೊಡೆದ ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಪಂದ್ಯ ಸಮವಾಯಿತು, ನಾವು ಕೆಳಕ್ಕೆ ಬಿದ್ದೆವು. ನಾನು ಅತ್ತುಕೊಂಡೇ ರೈಲು ಹತ್ತಿದೆ.

ಸಭೆಯಲ್ಲಿ ಆದದ್ದು ನನಗೆ ನಿನ್ನೆ ತಿಳಿಯಿತು. ಮಗಳ ಓದು ನಂಬಿ ಮೋಸ ಹೋದೆ ಎಂದು ನೀವು ಸದಸ್ಯರ ಮುಂದೆ ಒಂದು ಮಾತು ಹೇಳಿದರೆ ಸಾಕು, ನಿಮ್ಮ ಕೆಲಸ ಉಳಿಸುತ್ತೇನೆ ಎಂದು ವೆರಿಸ್ಸಿಮೊ ಹೇಳಿದರಂತೆ. ನೀವು ಎದ್ದು ನಿಂತಿರಂತೆ. ದಿನಾರ್ತೆ ನಿಮ್ಮ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ.

"ಸೋತಿದ್ದು ನನ್ನ ತಂಡ, ಆಡಿಸಿದ್ದು ನಾನು. ನನ್ನ ಮಗಳು ಬಂದ ಮೇಲೆ ಒಬ್ಬ ಹುಡುಗನೂ ಕುಂಟ್ಕೊಂಡು ಮನೆಗೆ ಹೋಗಿಲ್ಲ. ಅದಕ್ಕೆ ಮುಂಚೆ ನಾನು ಕುಂಟಿಸಿದವರು ಈ ಕೋಣೇಲೇ ಕೂತಿದಾರೆ. ಅವರ ಕ್ಷಮೆ ಕೇಳ್ತೀನಿ."

ಟೋಪಿ ಎತ್ತಿಕೊಂಡು ಹೊರಟಿರಂತೆ. ಆಗ ಮೀನಂಗಡಿಯ ಗೌದೆನ್ಸಿಯು, ಹಿಂದೆ ನಿಮ್ಮ ಕೈಕೆಳಗೆ ಆಡಿ ಮಂಡಿ ಕಳೆದುಕೊಂಡವನು, ಎದ್ದು ಕಾಲೆಳೆಯುತ್ತ ನಿಮ್ಮ ಹಿಂದೆ ಬಂದು, ತೋಳು ಹಿಡಿದು ಮನೆತನಕ ನಡೆದನಂತೆ.

ನಾನು ಗೆದ್ದ ತರಬೇತುದಾರರನ್ನು ಬೇಕಾದಷ್ಟು ನೋಡಿದ್ದೇನೆ ಅಪ್ಪ. ಇಡೀ ಊರು ಹೊಗಳಿದ ತಮ್ಮ ದಾರಿಯನ್ನು ತಾವೇ ಪ್ರಶ್ನಿಸಿದವರನ್ನು, ಸೋತ ದಿನವೂ ಆ ಉತ್ತರಕ್ಕೆ ಬೆನ್ನು ತಿರುಗಿಸದವರನ್ನು ನಿಮ್ಮೊಬ್ಬರನ್ನೇ ಕಂಡಿದ್ದು. ಎದೆ ತುಂಬಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಪಕ್ಕದೂರಿನ ಹುಡುಗಿಯರ ತಂಡದವರು ತರಬೇತಿ ಕೊಡಲು ನಿಮ್ಮನ್ನು ಕೇಳಿದ್ದಾರೆಂದೂ, ನೀವಿನ್ನೂ ಹೂಂ ಅಂದಿಲ್ಲವೆಂದೂ ಅಮ್ಮ ಹೇಳಿದಳು. ಹೂಂ ಅನ್ನಿ. ಬರುವ ಶನಿವಾರ ಮನೆಗೆ ಬರುತ್ತೇನೆ. ಬಾಗಿಲಲ್ಲೇ ನಿಮ್ಮ ಕೈಗೆ ಮುತ್ತಿಟ್ಟು ಆಶೀರ್ವಾದ ಕೇಳುತ್ತೇನೆ. ಎಂದಿನ ಹಾಗೆ ಬೇಗ ಕೈ ಎಳೆದುಕೊಳ್ಳಬೇಡಿ.

ದೇವರು ನಿಮ್ಮನ್ನೂ ಅಮ್ಮನನ್ನೂ ಚೆನ್ನಾಗಿಟ್ಟಿರಲಿ.

ಬೆಲ್ಮಿರೊ ಅವರ ಮಗಳು,
ಒತೀಲಿಯಾ