ಕಾಲುವೆಗೆ ಮತ್ತೆ ನೀರು ಬಂದಿದೆ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಅತ್ತಿಗೆಯ ಕೆಮ್ಮು ಈಗ ವಾಸಿಯಾಗಿರಬೇಕು. ನಾವಿಲ್ಲಿ ಕ್ಷೇಮ. ಅಪ್ಪ ಎಂದಿನಂತೆ ಉಪ್ಪು ಜಾಸ್ತಿಯಾಯಿತೆಂದು ಗೊಣಗುತ್ತಲೇ ತಟ್ಟೆ ಖಾಲಿ ಮಾಡುತ್ತಾರೆ.

ನಮ್ಮ ಕಾಲುವೆಗೆ ಮತ್ತೆ ನೀರು ಬಂದಿದೆ, ಗೊತ್ತೇ? ನೀನೂ ನಿನ್ನ ಜೊತೆಯ ಕೆಲಸಗಾರರೂ ಅದರ ಮೇಲೆ ಹಾಸಿದ ಚಪ್ಪಡಿಗಳನ್ನು ಹಳೆ ಸೇತುವೆಯಿಂದ ಮಾರುಕಟ್ಟೆಯವರೆಗೂ ಕಿತ್ತುಹಾಕಿದ್ದಾರೆ. ದಡದಲ್ಲಿ ಕಲ್ಲುಬೆಂಚುಗಳು, ಕಾಲುವೆಯ ಕಥೆ ಬರೆದ ಒಂದು ದೊಡ್ಡ ಫಲಕ. ಊರು ಕಟ್ಟಲು ಕಲ್ಲು, ಮರ ಸಾಗಿಸಲೆಂದು ಈ ಕಾಲುವೆ ತೋಡಿದರಂತೆ. ಆಮೇಲೆ ಧಾನ್ಯದ ದೋಣಿಗಳು ಓಡಾಡಿದವಂತೆ, ಲಾರಿಗಳು ಬಂದ ಮೇಲೆ ಅವೂ ಕಡಿಮೆಯಾದವಂತೆ. ಮುಚ್ಚಿದ್ದನ್ನೂ ತೆರೆದದ್ದನ್ನೂ ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಆ ಒಂದು ಸಾಲಿನಲ್ಲಿ ನಮ್ಮ ಮನೆ ಎರಡು ಹೋಳಾದದ್ದು ಬರೆದವರಿಗೇನು ಗೊತ್ತು? ಅಪ್ಪ ಅಲ್ಲಿ ದೋಣಿ ನಡೆಸಿದವರು, ನೀನು ಅದನ್ನೇ ಮುಚ್ಚುವ ಕೆಲಸಕ್ಕೆ ಸೇರಿದವನು. "ನನ್ನ ಅನ್ನಕ್ಕೇ ಕಲ್ಲು ಹಾಕಿದೆ" ಎಂದು ಅವರು ಅಂದದ್ದೂ, ನೀನು ಅಂದೇ ಚೀಲ ಹೆಗಲಿಗೇರಿಸಿ ಹೊರಟದ್ದೂ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನೀರು ಬಂದು ತಿಂಗಳಾದರೂ ಅಪ್ಪ ಆ ಕಡೆ ತಲೆ ಹಾಕಿರಲಿಲ್ಲ. ನಿನ್ನೆ ತಾವೇ ಚಪ್ಪಲಿ ಮೆಟ್ಟಿ ನಿಂತು, ಸ್ವಲ್ಪ ನಡೆದು ಬರೋಣ ಬಾ ಅಂದರು. ಕಾಲು ಹಾಕಿದ್ದು ಕಾಲುವೆಯ ಕಡೆಗೇ.

ನೋಡಲು ಬಂದವರನ್ನು ಸುತ್ತಾಡಿಸಲು ಈಗ ಅಲ್ಲಿ ದೋಣಿಗಳಿವೆ. ನಡೆಸುವವಳು ನನ್ನ ವಯಸ್ಸಿನ ಹೆಂಗಸು. ಅಪ್ಪ ಸೀದಾ ಹತ್ತಿ, ಹಳೆಯ ಅಭ್ಯಾಸದಂತೆ ಹುಟ್ಟಿನ ಹತ್ತಿರವೇ ಕುಳಿತರು. ಯಜಮಾನರೇ, ಅದು ನನ್ನ ಜಾಗ ಎಂದು ಅವಳು ನಕ್ಕಳು. ಅಪ್ಪ ಕಸಿವಿಸಿಯಿಂದ ಎದ್ದು ನನ್ನ ಪಕ್ಕಕ್ಕೆ ಬಂದರು. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲು ಸವರಿಕೊಳ್ಳುತ್ತಿದ್ದರು. ಜೀವಮಾನವೆಲ್ಲ ಆ ನೀರಿನ ಮೇಲೆ ಕಳೆದ ಮನುಷ್ಯ ಬರಿಗೈಯಲ್ಲಿ ಕೂತದ್ದು ಅದೇ ಮೊದಲು.

ಸೇತುವೆಯ ನೆರಳಿನಲ್ಲಿ ಅವರು ನೀರಿಗೆ ಕೈ ಇಳಿಬಿಟ್ಟು, ಎತ್ತಿ ಮೂಸಿ ನೋಡಿದರು. ಕೊನೆಕೊನೆಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ದೋಣಿ ನಡೆಸುತ್ತಿದ್ದರಂತೆ. ಊರಿನ ಕೊಚ್ಚೆಯೆಲ್ಲ ಅಲ್ಲಿಗೇ ಬರುತ್ತಿತ್ತಂತೆ, ನಮ್ಮ ಮನೆಯದೂ ಸೇರಿ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಅಂದರು: "ನೀರನ್ನ ಸಾಯಿಸಿದ್ದು ಅವನಲ್ಲ ಕಣಮ್ಮ. ನಾವೆಲ್ಲ ಸೇರಿ ಸಾಯಿಸಿದ್ವಿ. ಅವನು ಮೇಲೆ ಮುಚ್ಚಿದ, ಅಷ್ಟೆ."

ಇಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ ನಿನ್ನ ಮಾತು ಬಂದದ್ದು ಆಗಲೇ. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಬೇರೆ ಮಾತಿಗೆ ಹೋಗಿಬಿಡುತ್ತಿದ್ದರು, ಅವರ ಸ್ವಭಾವ ನಿನಗೆ ಗೊತ್ತಲ್ಲ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಅತ್ತೆಯ ಮುತ್ತುಗಳು. ಸೊಂಟ ಜೋಪಾನ, ಭಾರ ಎತ್ತಬೇಡ.

ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಅಂಚೆಗೆ ಹಾಕಲು ಹೊರಟವಳನ್ನು ಅಪ್ಪ ಬಾಗಿಲಲ್ಲೇ ತಡೆದರು. ಅವರ ಕಣ್ಣಿಗೆ ಪೊರೆ ಬಂದಿದೆ, ಬರುವ ತಿಂಗಳು ಆಪರೇಷನ್. ನಾನು ಕರೆದುಕೊಂಡು ಹೋಗುತ್ತೇನೆಂದರೆ ಬೇಡವಂತೆ. "ದೊಡ್ಡವನು ಬಂದ್ರೆ ಹೋಗ್ತೀನಿ, ಇಲ್ಲಾಂದ್ರೆ ಹೀಗೇ ಇರ್ತೀನಿ. ಬರಿ ಅದನ್ನೂ" ಅಂದು ಒಳಗೆ ಹೋದರು. ಬರೆದಿದ್ದೇನೆ.