ಕಂದಕದ ಅಂಚಿನಲ್ಲಿ

ತಂಗುಮನೆಯ ಮಹಡಿ ಕೋಣೆ
ಗುರುವಾರ, ಬೆಳಗಿನ ತಿಂಡಿಗೆ ಮುಂಚೆ

ಮಗಳೇ,

ಸಿಟ್ಟಿನ್ನೂ ಇಳಿದಿಲ್ಲ, ಆದರೂ ಆಶೀರ್ವಾದ.

ಹೇಳಿ ಹೊರಟಂತೆ ನಾನು ನಿನ್ನ ಚಿಕ್ಕಮ್ಮನ ಮನೆಯಲ್ಲಿಲ್ಲ. ಫೋನ್ ಮಾಡಿ ಅವಳನ್ನು ಗಾಬರಿಪಡಿಸಬೇಡ. ಹಳೆಯ ಯುದ್ಧಭೂಮಿಗಳನ್ನು ನಡೆದು ನೋಡುವ ಪ್ರವಾಸಕ್ಕೆ ಬಂದಿದ್ದೇನೆ. ನಡೆಸುತ್ತಿರುವವನು ನೀನು ಮೆಚ್ಚಿದ ಆ ಮಾರ್ಗದರ್ಶಿಯೇ. ಭಾನುವಾರದೊಳಗೆ ಒಪ್ಪದಿದ್ದರೆ ನಾವಿಬ್ಬರೇ ಹೋಗಿ ರಿಜಿಸ್ಟರ್ ಮದುವೆಯಾಗುತ್ತೇವೆ ಎಂದೆಯಲ್ಲ? ನೋಡದೆ ಹೂಂ ಎನ್ನುವವಳು ನಾನಲ್ಲ, ನೋಡದೆ ಬೇಡ ಎನ್ನುವವಳೂ ಅಲ್ಲ. ನಿನ್ನ ಅಜ್ಜಿಯ ಹೆಸರು ಕೊಟ್ಟು ಸೇರಿಕೊಂಡೆ.

ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಹೊಲಿಗೆ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಗಳು ಹಾಗೇ ಬಿದ್ದಿವೆ. ಕಾಲರ್‌ಗಳನ್ನು ಹೊಲಿಯಲು ಹೊಸ ಹುಡುಗಿಗೆ ಕೊಡಬೇಡ. ಕೋಣೆಯಲ್ಲಿ ಜೊತೆಗಿರುವ ನಿವೃತ್ತ ನರ್ಸ್ ಒಳ್ಳೆಯವಳೇ, ಆದರೆ ಅವಳ ಗೊರಕೆಗೆ ಕಿಟಕಿಯ ಗಾಜು ನಡುಗುತ್ತದೆ.

ಇಲ್ಲಿ ನೋಡುವುದಕ್ಕೆ ಏನೂ ಇಲ್ಲ. ಹುಲ್ಲು, ದನ, ಮತ್ತೆ ಹುಲ್ಲು. ಅವನು ಕೈ ತೋರಿಸಿದ ಮೇಲಷ್ಟೇ ನೆಲದ ಆ ಮಡಿಕೆಗಳೆಲ್ಲ ಸೈನಿಕರು ಅಡಗಿದ್ದ ಕಂದಕಗಳು ಎಂದು ತಿಳಿಯುತ್ತದೆ. ಬಿಚ್ಚಿದ ಬಟ್ಟೆಯಲ್ಲಿ ಹಳೆಯ ಹೊಲಿಗೆಯ ಗುರುತು ಉಳಿದ ಹಾಗೆ. ಒಮ್ಮೆ ಕಂಡ ಮೇಲೆ ಅಲ್ಲಿ ಕಾಲಿಡಲು ಮನಸ್ಸು ಬರುವುದಿಲ್ಲ.

ಅವನ ಕಥೆಯಲ್ಲಿ ಒಬ್ಬ ಸೇನಾಪತಿ ಗುಡ್ಡ ಬಿಡಲೊಪ್ಪದೆ ಇಡೀ ಪಡೆಯನ್ನು ಕಳೆದುಕೊಂಡ. ಮಾನವಂತನಾದವನು ಮತ್ತೇನು ಮಾಡಬೇಕಿತ್ತು ಎಂದು ಕೇಳಿದೆ. "ಸಂಜೆವರೆಗೂ ಕಾಯ್ಬಹುದಿತ್ತು ಅಮ್ಮಾ, ಮಂಜು ಇಳೀತಿತ್ತು, ಅದರ ಮರೆಯಲ್ಲಿ ಪಡೆ ಉಳೀತಿತ್ತು," ಎಂದ. ನನಗೇ ಚುಚ್ಚಿದಂತಾಗಿ ಮುಖ ತಿರುಗಿಸಿದೆ.

ನಿನ್ನೆ ಆ ಮಂಜು ನಿಜವಾಗಿಯೂ ಇಳಿಯಿತು. ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವಳು ದಾರಿ ಬಿಟ್ಟೆ. ಹಿಂದಿನಿಂದ ಅವನ ಕೂಗು: "ಅತ್ತೇ! ಅಲ್ಲೇ ನಿಂತ್ಕೊಳ್ಳಿ!"

ಉಳಿದವರೆಲ್ಲ ಅವನಿಗೆ ಅಮ್ಮ, ಅಕ್ಕ; ಆವರೆಗೆ ನಾನೂ ಅಮ್ಮನೇ. ನಾನು ನಿಂತೆ. ಕಾಲ ಮುಂದೆ ಮುಳ್ಳುಪೊದೆ ಮುಚ್ಚಿದ ಕಂದಕ ಬಾಯಿ ತೆರೆದಿತ್ತು.

ಓಡಿ ಬಂದವನ ಮುಖ ಸುಣ್ಣವಾಗಿತ್ತು. ನಾನು ಯಾರೆಂದು ಯಾವಾಗ ಗೊತ್ತಾಯಿತು ಎಂದು ಗದರಿದೆ. ಮೊದಲ ದಿನವೇ ಅಂತೆ. "ನಿಮ್ಮ ಮಗಳೂ ಹೀಗೇ, ಯಾರನ್ನೂ ಮುಂದೆ ಹೋಗೋಕೆ ಬಿಡಲ್ಲ," ಎಂದ. ಹಾಗಾದರೆ ಬಾಯಿ ಬಿಡಲಿಲ್ಲವೇಕೆ? "ಪರೀಕ್ಷೆ ನಡೀತಿತ್ತಲ್ಲ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದೆ ಅಂತ ಯಾರಾದ್ರೂ ಹೇಳ್ತಾರಾ?"

ನರ್ಸ್ ಹೊಟ್ಟೆ ಹಿಡಿದು ನಕ್ಕಳು. ನಾನು ನಗಲಿಲ್ಲ. ಗೊತ್ತಿದ್ದೂ ನಟಿಸಿದವನು! ಅವನು ನನ್ನ ಚೀಲ ಹೊತ್ತದ್ದು, ಏರಿನಲ್ಲಿ ನನಗಾಗಿ ನಡಿಗೆ ನಿಧಾನಿಸಿದ್ದು, ಯಾವುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಕೂಗೊಂದೇ ಉಳಿಯುವುದು. ಹಾಗೆ ಯಾರೂ ಯೋಚಿಸಿ ಕೂಗುವುದಿಲ್ಲ.

ಇಷ್ಟು ಬರೆದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿತೆಂದು ಕುಣಿಯಬೇಡ. ಇನ್ನೂ ಮೂರು ದಿನದ ನಡಿಗೆ ಬಾಕಿಯಿದೆ, ನನ್ನ ಕಣ್ಣೂ ತೆರೆದೇ ಇದೆ. ಕಾಲಿಗೇನೂ ಆಗಿಲ್ಲ. ಆರೋಗ್ಯವಾಗಿದ್ದೇನೆ.

ಇತಿ,
ನಿನ್ನ ತಾಯಿ

ತಾ.ಕ.: ಮೊಣಕಾಲು ಸ್ವಲ್ಪ ಊದಿದೆ. ಈಗ ತಿಂಡಿಗೆ ಮೆಟ್ಟಿಲಿಳಿಯಲು ಅವನ ತೋಳು ಹಿಡಿಯಬೇಕಾಯಿತು. ತಂಗುಮನೆಯ ಯಜಮಾನಿ, ಇವರು ನಿಮಗೇನಾಗಬೇಕು ಎಂದು ಕೇಳಿದಳು. ಅಳಿಯ ಎಂದೆ. ಎಲ್ಲರೂ ಕೇಳಿಸಿಕೊಂಡಿದ್ದಾರೆ. ಇನ್ನು ಆ ಮಾತನ್ನು ಸುಳ್ಳು ಮಾಡಲು ನನ್ನಿಂದಾಗದು. ಭಾನುವಾರ ಬಸ್ ನಿಲ್ದಾಣಕ್ಕೆ ಬಾ, ತಲೆ ಬಾಚಿಕೊಂಡು ಬಾ.